ಚಾಕ್ಕೆ ಯಾವುದು ಸರಿ: ಕೆಟಲೋ, ಬೋಗುಣಿಯೋ, ಇಂಡಕ್ಷನ್ನೋ?

ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯ ಕೆ.ಎಂ. ಮಾರ್ಗದಲ್ಲೋ ಅಂಗಡಿಗೆ ಹೋಗಿ ಕೆಟಲ್ ಕೇಳಿದರೆ ಮೊದಲು ಬರುವ ಪ್ರಶ್ನೆ, "ಎಷ್ಟು ಲೀಟರಿನದ್ದು ಬೇಕು?" ಅದಕ್ಕೂ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ. ಮನೆಯಲ್ಲಿ ಕುಡಿಯುವುದು ಎಂಥ ಚಾ? ಹಾಲು, ಸಕ್ಕರೆ, ಚಾಹುಡಿ ಎಲ್ಲ ಒಟ್ಟಿಗೆ ಹಾಕಿ ಕುದಿಸಿದ್ದೋ, ಹೋಟೆಲಿನಂಥ ಕೇಟಿಯೋ, ಲಿಂಬೆ ಹಿಂಡಿದ ಸುಲೈಮಾನಿಯೋ, ಗ್ರೀನ್ ಟೀಯೋ, ಸಂಜೆಗೆ ಚಾದ ಬದಲು ಜೀರಿಗೆ ಕಷಾಯವೋ? ಇದಕ್ಕೆ ಉತ್ತರ ಸಿಕ್ಕರೆ ಲೀಟರು, ವ್ಯಾಟು, ಬೆಲೆ ಎಲ್ಲ ತಾನಾಗಿ ಇತ್ಯರ್ಥವಾಗುತ್ತದೆ.

ನನ್ನ ಅಡುಗೆಮನೆಯಲ್ಲಿ ನನಗೆ ಅತಿ ಪ್ರೀತಿಯ ಉಪಕರಣ ಯಾವುದೆಂದರೆ ಒಂದೂವರೆ ಲೀಟರಿನ ಸಾದಾ ಸ್ಟೀಲ್ ಕೆಟಲ್. ಮಿಕ್ಸಿ, ಗ್ರೈಂಡರುಗಳಿಗಿಂತ ಹೆಚ್ಚು ಸಲ ಅದರ ಮೇಲೆ ಕೈ ಹೋಗುತ್ತದೆ. ಹಾಗೆಂದು ಎಲ್ಲರೂ ಅದನ್ನೇ ಕೊಳ್ಳಿ ಎಂದು ಹೇಳುವುದಿಲ್ಲ. ಕೆಲವರಿಗೆ ಹಳೆ ಬೋಗುಣಿಯೇ ಸಾಕು, ಕೆಲವರಿಗೆ ಇಂಡಕ್ಷನ್ನೇ ಒಳ್ಳೆಯದು. ಯಾರಿಗೆ ಯಾವುದು ಎನ್ನುವುದನ್ನು ನಮ್ಮ ಊರಿನ ನೀರು, ಮಳೆ, ಕರೆಂಟು, ನಾಲಗೆ ಇಷ್ಟನ್ನೂ ಲೆಕ್ಕಕ್ಕೆ ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ಕೆಟಲ್ ತಾನಾಗಿ ನಿಲ್ಲುವುದು ಹೇಗೆ

ಕೆಟಲಿನಲ್ಲಿ ನನಗೆ ಹಿಡಿಸುವುದು ಅದರ ಸರಳತೆ. ಒಳಗೆ ಎಲೆಕ್ಟ್ರಾನಿಕ್ಸ್ ಎಂಬುದೇ ಹೆಚ್ಚಿನವುಗಳಲ್ಲಿ ಇಲ್ಲ. ತಳದ ತಟ್ಟೆಯ ಅಡಿಯಲ್ಲಿ ಕಾಯಿಲ್ ಇರುತ್ತದೆ. ಒಳಗೋಡೆಯಲ್ಲಿ, ಮುಚ್ಚಳದ ಹತ್ತಿರ, ಒಂದು ಸಣ್ಣ ಸೀಳು ಕಾಣುತ್ತದೆ. ನೀರು ಕುದಿದಾಗ ಆವಿ ಆ ಸೀಳಿನೊಳಗೆ ನುಗ್ಗಿ, ಹಿಡಿಯ ಒಳಗಿನ ದಾರಿಯಾಗಿ ಸ್ವಿಚ್ಚಿನ ಬಳಿ ಬರುತ್ತದೆ. ಅಲ್ಲಿ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ತೆಳು ಬಿಲ್ಲೆ ಇದೆ. ಬಿಸಿಗೆ ಎರಡೂ ಲೋಹಗಳು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಬಿಲ್ಲೆ ತಟ್ಟನೆ ಆಚೆ ಬದಿಗೆ ಬಾಗುತ್ತದೆ, ಸ್ವಿಚ್ಚನ್ನು ತಳ್ಳುತ್ತದೆ. 'ಟಕ್' ಎಂಬ ಆ ಸದ್ದು ಅದರದ್ದೇ. ಇದೇ ತತ್ವದ ಮೇಲೆ ಬ್ರಿಟನ್ನಿನ ರಸೆಲ್ ಹಾಬ್ಸ್ ಕಂಪನಿ 1955ರಲ್ಲಿ ಕೆ-1 ಎಂಬ ಕೆಟಲ್ ತಂದಿತು. ಎಪ್ಪತ್ತು ವರ್ಷಗಳ ಮೇಲೂ ನಾವು ಕೊಳ್ಳುವ ಕೆಟಲಿನಲ್ಲಿ ಮೂಲ ಉಪಾಯ ಅದೇ.

ಇದು ಗೊತ್ತಿದ್ದರೆ ಬಳಕೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮುಚ್ಚಳ ತೆರೆದಿಟ್ಟರೆ ಆವಿ ಮೇಲೆ ಹಾರಿಹೋಗುತ್ತದೆ, ಬಿಲ್ಲೆಗೆ ಸುದ್ದಿ ಮುಟ್ಟುವುದಿಲ್ಲ, ನೀರು ಕುದಿಯುತ್ತಲೇ ಇರುತ್ತದೆ. ಮೇಲಿನ ಗೆರೆ ದಾಟಿ ತುಂಬಿಸಿದರೆ ಮೂತಿಯಿಂದ ಬಿಸಿನೀರು ಸಿಡಿಯುತ್ತದೆ. ತೀರ ಕಡಿಮೆ ಹಾಕಿದರೆ ಆವಿ ಏಳುವ ಮೊದಲೇ ತಳ ಕಾದುಹೋಗಬಹುದು. ನೀರಿಲ್ಲದೆ ಹಾಕಿದರೆ ಕಾಪಾಡಲು ತಳದಲ್ಲಿ ಇನ್ನೊಂದು ಬಿಲ್ಲೆ ಇರುತ್ತದೆ. ಅದನ್ನು ದಿನನಿತ್ಯ ದುಡಿಸಿಕೊಳ್ಳಬಾರದು.

ಸದ್ದನ್ನೂ ಗಮನಿಸಿ ನೋಡಿ. ಮೊದಲು ಮೌನ. ಸ್ವಲ್ಪದರಲ್ಲಿ ಸಣ್ಣ ಸಿಡಿತ, ಆಮೇಲೆ ಜೋರಾದ ಮೊರೆತ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆಗಳು ಮೇಲಿನ ತಣ್ಣಗಿನ ನೀರಿಗೆ ತಾಗಿ ಒಡೆದು ಕುಗ್ಗುವಾಗ ಆಗುವ ಸದ್ದದು. ಎಲ್ಲ ನೀರೂ ಕಾದ ಮೇಲೆ ಗುಳ್ಳೆಗಳು ಒಡೆಯದೆ ಮೇಲೆ ಬರುತ್ತವೆ, ಮೊರೆತ ತಗ್ಗಿ ತುಂಬು ಕುದಿತದ ಗುಳುಗುಳು ಕೇಳುತ್ತದೆ. ಬೇರೆ ಕೋಣೆಯಲ್ಲಿದ್ದರೂ ನೀರು ಯಾವ ಹಂತದಲ್ಲಿದೆ ಎಂದು ಕಿವಿಯೇ ಹೇಳುತ್ತದೆ. ಅಷ್ಟು ಹೊತ್ತಿಗೆ ಲೋಟ ತೊಳೆದು, ಹುಡಿ ಅಳೆದು ಇಟ್ಟಿರಬಹುದು. ಚಾ ಕುಡಿಯುವ ಸುಖ ನನಗೆ ಶುರುವಾಗುವುದು ಅಲ್ಲಿಂದ.

ಸಮಯ ಮತ್ತು ಖರ್ಚು

"ಕರೆಂಟಿನದ್ದು ದುಬಾರಿ" ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ಹಾಗೆ ಕಾಣುವುದಿಲ್ಲ. ನಮ್ಮಲ್ಲಿ ನಲ್ಲಿಯ ನೀರು ಸುಮಾರು 27 ಡಿಗ್ರಿ ಇರುತ್ತದೆ. 1 ಲೀಟರನ್ನು ಅಲ್ಲಿಂದ 100 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 306 ಕಿಲೋಜೂಲ್, ಅಂದರೆ 0.085 ಯೂನಿಟ್. ಸೋರಿಹೋಗುವುದನ್ನು ಸೇರಿಸಿ 0.1 ಯೂನಿಟ್ ಎನ್ನೋಣ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 60 ಪೈಸೆ. ಗ್ಯಾಸಿಗೆ ಬನ್ನಿ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 46 ಮೆಗಾಜೂಲ್ ಶಾಖ ಬರುತ್ತದೆ. ಅದರಲ್ಲಿ ಶೇಕಡಾ 60 ಪಾತ್ರೆಗೆ ತಲುಪಿತು ಎಂದುಕೊಂಡರೆ ಒಂದು ಲೀಟರಿಗೆ 11 ಗ್ರಾಂ ಗ್ಯಾಸ್ ಬೇಕು. 14.2 ಕಿಲೋದ ಸಿಲಿಂಡರಿಗೆ 900 ರೂಪಾಯಿ ಎಂದಿಟ್ಟುಕೊಂಡರೆ 70 ಪೈಸೆ. ನಿಮ್ಮ ಮೆಸ್ಕಾಂ ಕರೆಂಟು ಬಿಲ್ಲು, ನಿಮ್ಮ ಸಿಲಿಂಡರಿನ ರಶೀದಿ ನೋಡಿ ಅಂಕಿ ಬದಲಿಸಿಕೊಳ್ಳಿ. ವ್ಯತ್ಯಾಸ ಪೈಸೆಗಳಲ್ಲೇ ಉಳಿಯುತ್ತದೆ. ದಿನಕ್ಕೆ ಎರಡು ಲೀಟರ್ ಕುದಿಸಿದರೂ ತಿಂಗಳಿಗೆ 6 ಯೂನಿಟ್ ಅಷ್ಟೆ.

ಗೃಹಜ್ಯೋತಿ ಇರುವ ಮನೆಯವರು ಒಂದು ನೋಡಿಕೊಳ್ಳಬೇಕು. 2023ರಲ್ಲಿ ಶುರುವಾದ ಆ ಯೋಜನೆಯಲ್ಲಿ 200 ಯೂನಿಟ್ ಎನ್ನುವುದು ಗರಿಷ್ಠ ಮಿತಿ. ಹೆಚ್ಚಿನ ಮನೆಗಳಿಗೆ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ. ಆ ಮಿತಿಯ ಅಂಚಿನಲ್ಲೇ ಇರುವವರಿಗೆ ಆರು ಯೂನಿಟ್ಟೂ ಲೆಕ್ಕಕ್ಕೆ ಬರುತ್ತದೆ.

ಹಣ ನಿರ್ಧರಿಸುವುದಿಲ್ಲ ಎಂದಾದ ಮೇಲೆ ಸಮಯ. 1500 ವ್ಯಾಟಿನ ಕೆಟಲಿನಲ್ಲಿ ಒಂದು ಲೀಟರ್ ಕುದಿಯಲು ಹತ್ತಿರ ಹತ್ತಿರ ನಾಲ್ಕು ನಿಮಿಷ, ಅರ್ಧ ಲೀಟರಿಗೆ ಎರಡು. ಗ್ಯಾಸಿನ ದೊಡ್ಡ ಬರ್ನರಿನ ಮೇಲೆ ಮುಚ್ಚದ ಬೋಗುಣಿಯಲ್ಲಿ ಐದಾರು ನಿಮಿಷ ಹಿಡಿಯುತ್ತದೆ, ಮುಚ್ಚಿದರೆ ಇನ್ನೂ ಬೇಗ. ಇಂಡಕ್ಷನ್ 1800 ವ್ಯಾಟಿಗೆ ಇಟ್ಟರೆ ಕೆಟಲಿಗೆ ಸರಿಸಮ. ಹಾಗಾದರೆ ಕೆಟಲಿನ ನಿಜವಾದ ಲಾಭ ಏನು? ಅದರ ಎದುರು ನಿಲ್ಲಬೇಕಾಗಿಲ್ಲ. ಬೆಳಿಗ್ಗೆ ಒಂದು ಒಲೆಯಲ್ಲಿ ದೋಸೆ ಕಾವಲಿ, ಇನ್ನೊಂದರಲ್ಲಿ ಪಲ್ಯ ಇರುವಾಗ ಚಾದ ನೀರಿಗೆ ಮೂರನೆಯ ಒಲೆ ಸಿಕ್ಕಿದ ಹಾಗೆ. ತಾನಾಗಿ ನಿಲ್ಲುತ್ತದೆ ಎಂಬ ಧೈರ್ಯ ಒಬ್ಬರೇ ಇರುವ ಹಿರಿಯರಿಗೆ ದೊಡ್ಡದು. ಉರಿಯುವ ಗ್ಯಾಸನ್ನು ಮರೆತು ಟಿವಿ ಮುಂದೆ ಕೂರುವ ಅಪಾಯ ತಪ್ಪುತ್ತದೆ.

ಹಾಲಿನ ಪ್ರಶ್ನೆ

ನಮ್ಮ ಊರಿನ ಹೆಚ್ಚಿನ ಮನೆಗಳಲ್ಲಿ ಚಾ ಎಂದರೆ ಹಾಲಿನ ಚಾ. ಅಂಗಡಿಯವರು ಬಾಯಿಬಿಟ್ಟು ಹೇಳದಿದ್ದರೂ ಮಾಮೂಲು ಕೆಟಲಿನಲ್ಲಿ ಅದನ್ನು ಮಾಡಲಾಗದು, ಮಾಡಬಾರದು. ಹಾಲಿನ ಪ್ರೋಟೀನು, ಸಕ್ಕರೆ ಎರಡೂ ಕಾದ ತಳಕ್ಕೆ ಹಿಡಿದು ಸೀದುಹೋಗುತ್ತವೆ. ಹಾಲು ಉಕ್ಕುವಾಗ ನೊರೆ ನೇರವಾಗಿ ಆ ಆವಿಯ ಸೀಳಿಗೆ ಹೋಗುತ್ತದೆ. ಒಳಗೆ ಕೈ ಹಾಕಿ ತೊಳೆಯಲಾಗದ ಜಾಗ ಅದು. ಅಲ್ಲಿ ಹಾಲು ಹುಳಿಯುತ್ತದೆ, ಸ್ವಿಚ್ಚು ಅಂಟುತ್ತದೆ, ಆಮೇಲೆ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ.

ಆದ್ದರಿಂದ ಶುಂಠಿ ಜಜ್ಜಿ, ಏಲಕ್ಕಿ ಹಾಕಿ, ಎಲ್ಲವನ್ನೂ ಒಟ್ಟಿಗೆ ಎರಡು ಮೂರು ಸಲ ಉಕ್ಕಿಸಿ ಕುಡಿಯುವುದೇ ನಿಮ್ಮ ಮನೆಯ ಕ್ರಮವಾಗಿದ್ದರೆ, ಕೆಟಲಿಗೆ ಹಣ ಹಾಕಬೇಡಿ. ದಪ್ಪ ತಳದ ಒಂದು ಒಳ್ಳೆಯ ಬೋಗುಣಿ ತೆಗೆದುಕೊಳ್ಳಿ. ಹಾಲು, ಚಾಹುಡಿ, ಮಸಾಲೆ ಒಟ್ಟಿಗೆ ಕುದಿದಾಗ ಬರುವ ಆ ಗಟ್ಟಿ ರುಚಿ ಬೇರೆ ಯಾವ ಉಪಕರಣದಿಂದಲೂ ಬರುವುದಿಲ್ಲ. ಕುದಿಯುವಾಗ ಹಾಲು ಸ್ವಲ್ಪ ಇಂಗುತ್ತದೆ, ಹಾಲಿನ ಪ್ರೋಟೀನು ಚಾದ ಟ್ಯಾನಿನ್‌ಗಳನ್ನು ಹಿಡಿದುಕೊಂಡು ಚೊಗರನ್ನು ಇಳಿಸುತ್ತದೆ. ಅದಕ್ಕೇ ಎಷ್ಟು ಕುದಿಸಿದರೂ ಹಾಲಿನ ಚಾ ನಾಲಗೆಗೆ ಒರಟಾಗುವುದಿಲ್ಲ.

ಕೇಟಿಯ ಮಾತು ಬೇರೆ. ಉಡುಪಿ, ಮಂಗಳೂರಿನ ಹೋಟೆಲುಗಳಲ್ಲಿ ಗಾಜಿನ ಲೋಟದಲ್ಲಿ ಪದರ ಪದರವಾಗಿ ಬರುವ ಕೇಟಿಯಲ್ಲಿ ಹಾಲು ಬೇರೆ, ಡಿಕಾಕ್ಷನ್ ಬೇರೆ. ಅದನ್ನು ಇಷ್ಟಪಡುವವರಿಗೆ ಕೆಟಲ್ ಹೇಳಿ ಮಾಡಿಸಿದ ಜೊತೆ. ನಾನು ಮನೆಯಲ್ಲಿ ಮಾಡುವ ಕ್ರಮ ಹೀಗೆ. ಎರಡು ಲೋಟಕ್ಕೆ ಎರಡು ತುಂಬು ಚಮಚ ಚಾಹುಡಿಯನ್ನು ಸಣ್ಣ ಸ್ಟೀಲ್ ಪಾತ್ರೆಗೆ ಹಾಕಿ, ಕೆಟಲಿನಿಂದ ಕುದಿಯುವ ನೀರನ್ನು ಮುಕ್ಕಾಲು ಲೋಟದಷ್ಟು ಮೇಲಿನಿಂದ ಹೊಯ್ದು, ತಟ್ಟೆ ಮುಚ್ಚಿ ನಾಲ್ಕು ನಿಮಿಷ ಬಿಡುತ್ತೇನೆ. ಆ ಹೊತ್ತಿಗೆ ಗ್ಯಾಸಿನಲ್ಲಿ ಹಾಲು ಉಕ್ಕಿರುತ್ತದೆ. ಸಕ್ಕರೆಯನ್ನು ಹಾಲಿಗೇ ಹಾಕಬೇಕು, ಇದು ಮುಖ್ಯ. ಸಕ್ಕರೆ ಕರಗಿದ ಹಾಲು ಭಾರವಾಗುತ್ತದೆ, ಸಕ್ಕರೆ ಇಲ್ಲದ ಡಿಕಾಕ್ಷನ್ ಅದಕ್ಕಿಂತ ಹಗುರ. ಹಾಲನ್ನು ಎರಡು ಪಾತ್ರೆಗಳ ನಡುವೆ ಎತ್ತರದಿಂದ ಹೊಯ್ದು ನೊರೆ ಎಬ್ಬಿಸಿ ಲೋಟಕ್ಕೆ ಸುರಿದು, ಸೋಸಿದ ಡಿಕಾಕ್ಷನ್ನನ್ನು ನೊರೆಯ ಮೇಲೆ, ಲೋಟದ ಅಂಚಿಗೆ ತಾಗಿಸಿ, ನೂಲಿನ ಎಳೆಯಷ್ಟು ಸಣ್ಣಗೆ ಇಳಿಸಬೇಕು. ಅದು ನೊರೆಯನ್ನು ತೂರಿ ಹೋಗಿ ಹಾಲಿನ ಮೇಲೆ ಕೂರುತ್ತದೆ. ಕೆಳಗೆ ಬಿಳಿ, ನಡುವೆ ಕಂದು, ಮೇಲೆ ನೊರೆ. ಮೊದಲ ಗುಟುಕಿನಲ್ಲಿ ಚಾದ ಖಡಕ್ಕು ಸಿಗುತ್ತದೆ, ಕೊನೆಗೆ ಸಿಹಿ ಹಾಲು. ಕಲಸಿ ಕುಡಿಯುವವರೂ ಇದ್ದಾರೆ, ನಾನು ಕಲಸುವುದಿಲ್ಲ.

ಕುದಿಸದೆ ಬರೀ ನೆನೆಸಿದರೆ ರಂಗು ಬರುತ್ತದೆಯೇ ಎಂದು ಕೇಳುವವರಿಗೆ ಹೇಳುವುದಾದರೆ, ಬರುತ್ತದೆ. ನಾವು ದಿನಾ ಬಳಸುವ ಗುಂಡುಕಾಳಿನ ಹುಡಿ ಸಿಟಿಸಿ ವಿಧಾನದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ವಿಧಾನ ಅದು. ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಹಿಸುಕಿ, ಹರಿದು, ಸುರುಳಿ ಮಾಡುವುದರಿಂದ ಸಾರವೆಲ್ಲ ಮೇಲ್ಮೈಗೆ ಬಂದಿರುತ್ತದೆ. ನಿಜವಾಗಿ ಕುದಿಯುವ ನೀರು ಸಿಕ್ಕರೆ ನಿಮಿಷಗಳಲ್ಲಿ ಬಣ್ಣ ಬಿಡುತ್ತದೆ. ಇದರಲ್ಲಿ ಕರಾವಳಿಗೆ ಒಂದು ಅನುಕೂಲವೂ ಇದೆ. ಸಮುದ್ರಮಟ್ಟದ ಹತ್ತಿರ ಇರುವ ನಮ್ಮಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, 900 ಮೀಟರು ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿ ಬಂದುಬಿಡುತ್ತದೆ. ಕಪ್ಪು ಚಾಕ್ಕೆ ಆ ಮೂರು ಡಿಗ್ರಿ ಒಳ್ಳೆಯದೇ.

ಸುಲೈಮಾನಿ, ಜೀರಿಗೆ ಕಷಾಯ, ಚಿಕ್ಕಮಗಳೂರಿನ ಕೆಳಗೂರಿನಿಂದಲೋ ನೀಲಗಿರಿಯಿಂದಲೋ ಯಾರಾದರೂ ತಂದುಕೊಟ್ಟ ಎಲೆ ಚಾ, ಇವೆಲ್ಲಕ್ಕೂ ಬೇಕಾದ್ದು ಬಿಸಿನೀರು ಮಾತ್ರ. ಅಲ್ಲಿ ಕೆಟಲಿಗೆ ಸಾಟಿ ಇಲ್ಲ. ಎಲೆ ಚಾಕ್ಕೆ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ ಎಂಬ ಅಂತಾರಾಷ್ಟ್ರೀಯ ಅಳತೆ ಒಂದಿದೆ, ಚಾ ರುಚಿ ನೋಡುವವರು ಬಳಸುವಂಥದ್ದು. ಅದರಲ್ಲಿ ಆರು ನಿಮಿಷ ನೆನೆಸುತ್ತಾರೆ. ಮನೆಯಲ್ಲಿ ಹಾಲಿಲ್ಲದೆ ಕುಡಿಯಲು ಮೂರು ನಿಮಿಷ ಸಾಕು, ಇಲ್ಲದಿದ್ದರೆ ಚೊಗರು ಹೆಚ್ಚು.

ಕೆಟಲಿನಲ್ಲೇ ಎಷ್ಟು ಬಗೆ

ಪ್ಲಾಸ್ಟಿಕ್ ಒಳಮೈಯದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಗುರ, ಅಗ್ಗ, ನಿಜ. ಆದರೆ ಕುದಿನೀರಿನ ಜೊತೆ ಬರುವ ಆ ವಾಸನೆ ಒಳ್ಳೆಯ ಚಾವನ್ನು ಕೆಡಿಸುತ್ತದೆ.

ಗಾಜಿನದ್ದು ನೋಡಲು ಚೆಂದ. ಬೋರೋಸಿಲಿಕೇಟ್ ಗಾಜು ಬಿಸಿಗೆ ಹೆದರುವುದಿಲ್ಲ, ನೀರು ಕುದಿಯುವುದು ಕಾಣುತ್ತದೆ, ವಾಸನೆಯ ಪ್ರಶ್ನೆಯೇ ಇಲ್ಲ. ಗ್ರಾನೈಟ್ ಸಿಂಕಿಗೆ ಒಮ್ಮೆ ತಾಗಿದರೆ ಮಾತ್ರ ಮುಗಿಯಿತು. ಮಕ್ಕಳಿರುವ, ಅವಸರದ ಅಡುಗೆಮನೆಗೆ ಬೇಡ.

ಸ್ಟೀಲಿನಲ್ಲಿ ಎರಡು ಜಾತಿ. ಒಂದೇ ಗೋಡೆಯದ್ದು, ಸುಮಾರು 700ರಿಂದ 1,200 ರೂಪಾಯಿಯ ಒಳಗೆ ಸಿಗುತ್ತದೆ, ಹೊರಮೈ ಸುಡುತ್ತದೆ. ಎರಡು ಗೋಡೆಯದ್ದಕ್ಕೆ ಇನ್ನಷ್ಟು ಕೊಡಬೇಕು, ಹೊರಗೆ ಮುಟ್ಟಿದರೆ ಸುಡುವುದಿಲ್ಲ, ನೀರು ಹೆಚ್ಚು ಹೊತ್ತು ಬಿಸಿ ಇರುತ್ತದೆ. ವಯಸ್ಸಾದ ಅಪ್ಪ ಅಮ್ಮನಿಗೆ ಕೊಡುವುದಾದರೆ ಎರಡು ಗೋಡೆಯದ್ದೇ ಕೊಡಿ, ಅದೂ ಒಂದು ಲೀಟರಿನದ್ದು. ಒಂದೂವರೆ ಲೀಟರ್ ತುಂಬಿದ ಕೆಟಲ್ ಎರಡು ಕಿಲೋಗೂ ಮೀರಿ ತೂಗುತ್ತದೆ, ಗಂಟುನೋವಿರುವ ಕೈಗೆ ಅದನ್ನು ಬಾಗಿಸಿ ಹೊಯ್ಯುವುದು ಕಷ್ಟ. ಒಳಮೈ 304 ದರ್ಜೆಯ ಸ್ಟೀಲ್ ಎಂದು ಬರೆದಿದೆಯೇ ನೋಡಿ. ನಮ್ಮ ಕಡಲತೀರದಲ್ಲಿ ಅದರ ಮಹತ್ವ ಏನೆಂದು ಮುಂದೆ ಹೇಳುತ್ತೇನೆ.

ತಾಪಮಾನ ಬದಲಿಸಬಹುದಾದ ಕೆಟಲುಗಳು ಎರಡು ಸಾವಿರದಿಂದ ಮೇಲೆ. ಗ್ರೀನ್ ಟೀಗೆ 70ರಿಂದ 80 ಡಿಗ್ರಿ, ಊಲಾಂಗ್ ಚಾಕ್ಕೆ 85ರಿಂದ 95 ಎಂದು ಗುಂಡಿ ಒತ್ತಬಹುದು. ಗ್ರೀನ್ ಟೀಗೆ ಕುದಿನೀರು ಹೊಯ್ದರೆ ಕಹಿ ಅಂಶಗಳು ಬೇಗ ಇಳಿಯುತ್ತವೆ, "ಇದೇನು ಕಷಾಯದ ಹಾಗಿದೆ" ಎಂದು ಜನ ಅದನ್ನು ಬಿಟ್ಟುಬಿಡುವುದಕ್ಕೆ ಕಾರಣ ಹೆಚ್ಚಾಗಿ ಇದೇ. ದಿನಕ್ಕೆ ಮೂರ್ನಾಲ್ಕು ಸಲ ಗ್ರೀನ್ ಟೀ ಕುಡಿಯುವವರಿಗೆ ಇಂಥ ಕೆಟಲ್ ಸಾರ್ಥಕ. ಅಪರೂಪಕ್ಕೆ ಕುಡಿಯುವವರು ಸಾದಾ ಕೆಟಲಿನಲ್ಲೇ ಕೆಲಸ ಸಾಧಿಸಬಹುದು. ಮೂರು ಪಾಲು ಕುದಿನೀರಿಗೆ ಒಂದು ಪಾಲು, ಮೊದಲೇ ಕುದಿಸಿ ಆರಿಸಿಟ್ಟ ನೀರು ಬೆರೆಸಿ. ನಮ್ಮ ಊರಿನ ಸೆಕೆಗೆ ಆರಿದ ನೀರೂ 28 ಡಿಗ್ರಿ ಇರುವುದರಿಂದ ಮಿಶ್ರಣ 82ರ ಆಸುಪಾಸಿಗೆ ಬರುತ್ತದೆ. ಲೋಟಕ್ಕೆ ಹೊಯ್ಯುವಷ್ಟರಲ್ಲಿ 80ಕ್ಕೆ ಇಳಿಯುತ್ತದೆ. ಥರ್ಮಾಮೀಟರ್ ಬೇಡ.

ಇನ್ನೊಂದು ಬಗೆಯದು ಮಲ್ಟಿ ಕೆಟಲ್. ಬಾಯಿ ಅಗಲ, ಗಾಜಿನ ಮುಚ್ಚಳ, ಆವಿಯ ಸೀಳು ಇಲ್ಲ, ಉರಿಯನ್ನು ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುತ್ತದೆ. ಇದರಲ್ಲಿ ಹಾಲಿನ ಚಾ ಮಾಡಬಹುದು, ನೂಡಲ್ಸ್ ಬೇಯಿಸಬಹುದು, ಮೊಟ್ಟೆ ಕುದಿಸಬಹುದು. ಮಣಿಪಾಲದಲ್ಲೋ ಸುರತ್ಕಲ್ಲಿನಲ್ಲೋ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಇದೇ ಸರಿ. ವ್ಯಾಟು ಕಡಿಮೆ ಇರುವುದರಿಂದ ನಿಧಾನ. ಹಾಲು ಉಕ್ಕುವಾಗ ತಾನಾಗಿ ನಿಲ್ಲುವುದಿಲ್ಲ, ಎದುರಿಗಿರಲೇಬೇಕು. ಹಾಸ್ಟೆಲಿನಲ್ಲಿ ಇರುವವರು ಕೊಳ್ಳುವ ಮೊದಲು ವಾರ್ಡನ್ನರನ್ನು ಕೇಳಿ, ಕೆಲವು ಕಡೆ ಬಿಸಿ ಮಾಡುವ ಯಾವ ಸಾಧನವನ್ನೂ ಬಿಡುವುದಿಲ್ಲ.

ಇಂಡಕ್ಷನ್ ಒಲೆ ಈಗಾಗಲೇ ಮನೆಯಲ್ಲಿದ್ದರೆ ಹೊಸತೇನೂ ಕೊಳ್ಳದೆ ಅದನ್ನೇ ಚಾಕ್ಕೆ ಇಟ್ಟುಕೊಳ್ಳಬಹುದು. ಹಾಲಿನ ಚಾ, ನೀರು ಎರಡಕ್ಕೂ ಆಗುತ್ತದೆ, ಉರಿಯ ಹಿಡಿತ ಗ್ಯಾಸಿಗಿಂತ ಚೆನ್ನಾಗಿದೆ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು ಎನ್ನುವುದೊಂದೇ ಷರತ್ತು. ಫ್ರಿಜ್ಜಿಗೆ ಅಂಟಿಸುವ ಗೊಂಬೆಯೊಂದನ್ನು ತಳಕ್ಕೆ ಹಿಡಿದು ನೋಡಿ. ಎಷ್ಟೋ ಮನೆಗಳಲ್ಲಿ ಚಾಕ್ಕೆಂದೇ ಇರುವ ಹಳೆ ಅಲ್ಯುಮಿನಿಯಂ ಪಾತ್ರೆ ಅಲ್ಲಿ ಕೆಲಸಕ್ಕೆ ಬಾರದು.

ಮಳೆ, ಕರೆಂಟು, ಉಪ್ಪುಗಾಳಿ

ಬೇರೆ ಊರಿನವರು ಬರೆದ ಸಲಹೆಗಳು ನಮಗೆ ಸರಿಹೊಂದದಿರುವುದು ಇಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಗಾಳಿಮಳೆಗೆ ಮರದ ಗೆಲ್ಲು ತಂತಿಯ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಬಿಸಿ ಚಾ, ಗೋಳಿಬಜೆ ಬೇಕೆನಿಸುವುದು ಸರಿಯಾಗಿ ಅಂಥ ಹೊತ್ತಿನಲ್ಲೇ. ಮನೆಯ ಸಾಮಾನ್ಯ ಇನ್ವರ್ಟರ್ 1500 ವ್ಯಾಟಿನ ಕೆಟಲನ್ನು ಎಳೆಯುವುದಿಲ್ಲ, ಎಳೆಸಲು ಹೋಗಲೂಬಾರದು. ಆದ್ದರಿಂದ ನಮ್ಮಲ್ಲಿ ಕೆಟಲ್ ಬಂತೆಂದು ಗ್ಯಾಸನ್ನು ಬಿಡುವಂತಿಲ್ಲ. ಎರಡೂ ಇರಬೇಕು. ಜೊತೆಗೆ ಒಂದು ಒಳ್ಳೆಯ ಫ್ಲಾಸ್ಕ್. ಕರೆಂಟು ಇರುವಾಗ ಕುದಿಸಿ ತುಂಬಿಸಿಟ್ಟರೆ ಸಂಜೆಯ ಕಷಾಯಕ್ಕೆ ಧಾರಾಳ ಬಿಸಿ ಇರುತ್ತದೆ. ಕೆಟಲಿನ 'ಬಿಸಿ ಕಾಯ್ದಿಡುವ' ಗುಂಡಿಗಾಗಿ ಹೆಚ್ಚು ಹಣ ಕೊಡುವುದಕ್ಕಿಂತ ಇದು ಮೇಲು.

1500 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ 6.5 ಆಂಪಿಯರ್. ಫ್ಯಾನು, ಮೊಬೈಲ್ ಚಾರ್ಜರು ಹಾಕುವ 6 ಆಂಪಿಯರಿನ ಸಾಕೆಟ್ಟಿಗೆ ಇದು ಹೊರೆಯೇ. ಪ್ಲಗ್ಗಿನ ಕಾಲು ಸಪೂರ ಇದೆ, ಸಾಕೆಟ್ಟಿಗೆ ಹೋಗುತ್ತದೆ ಎಂದು ಅಲ್ಲಿ ಹಾಕಬೇಡಿ. ಫ್ರಿಜ್ಜು, ಗೀಸರಿಗೆ ಬಳಸುವ 16 ಆಂಪಿಯರಿನ ಸಾಕೆಟ್ಟೇ ಸರಿ. ಹಳೆ ಹಂಚಿನ ಮನೆಗಳಲ್ಲಿ ಅಡುಗೆಮನೆಗೆ ಅಂಥ ಸಾಕೆಟ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪ್ರತ್ಯೇಕ ಲೈನ್ ಎಳೆಸಿ, ಅರ್ಥಿಂಗ್ ಪರೀಕ್ಷಿಸಿ. ಎಕ್ಸ್‌ಟೆನ್ಷನ್ ಬೋರ್ಡಿನ ದಾರಿ ಬೇಡವೇ ಬೇಡ. ಮಳೆಗಾಲದಲ್ಲಿ ಕೆಟಲ್ ಹಾಕಿದ ಕೂಡಲೇ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್ಚು) ಬೀಳುತ್ತಿದ್ದರೆ ಕೆಟಲಿನಲ್ಲೋ ಅದರ ಬುಡದಲ್ಲೋ ವಿದ್ಯುತ್ ಸೋರುತ್ತಿದೆ ಎಂದು ಅರ್ಥ. ಮತ್ತೆ ಮತ್ತೆ ಎತ್ತಿ ಹಾಕದೆ ಬಳಕೆ ನಿಲ್ಲಿಸಿ, ರಿಪೇರಿಯವರಿಗೆ ತೋರಿಸಿ.

ಮಲ್ಪೆ, ಪಣಂಬೂರು, ಉಳ್ಳಾಲದ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಕೆಟಲ್ ಕೂರುವ ಬುಡದ ನಡುವಿನ ಸಂಪರ್ಕಗಳಲ್ಲಿ ಹಸಿರು ಪಾಚಿಯಂಥ ಕಿಲುಬು ಹಿಡಿಯುವುದು ಅದರಿಂದಲೇ. ಪ್ಲಗ್ ಕಿತ್ತು, ಒಣಬಟ್ಟೆಯಿಂದ ಒರೆಸುವುದನ್ನು ರೂಢಿ ಮಾಡಿಕೊಳ್ಳಿ. ಸಿಂಕಿನ ಬದಿಯಲ್ಲಿ, ಕಿಟಕಿಯಿಂದ ಎರಚಲು ಬೀಳುವಲ್ಲಿ ಬುಡವನ್ನು ಇಡಬೇಡಿ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಬರುವ ಸ್ವರ್ಣಾ ನೀರು, ಮುರಕಲ್ಲಿನ ಬಾವಿಗಳ ನೀರು, ಎಲ್ಲವೂ ಮೆದು. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಕೆಟಲಿನ ತಳಕ್ಕೆ ಹಿಡಿಯುವ ಬಿಳಿ ಸುಣ್ಣದ ಪದರ ಇಲ್ಲಿ ಅಪರೂಪ. ಮೆದು ನೀರಿನಲ್ಲಿ ಚಾದ ಬಣ್ಣ ತಿಳಿಯಾಗಿ, ಕೆಂಪಾಗಿ ಬರುತ್ತದೆ, ಮೇಲೆ ಎಣ್ಣೆಯಂಥ ಪೊರೆ ಕಟ್ಟುವುದಿಲ್ಲ. ಎರಡು ತೊಂದರೆಗಳಿವೆ. ಮುರಕಲ್ಲಿನ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದು ಟ್ಯಾನಿನ್ ಜೊತೆ ಸೇರಿ ಚಾವನ್ನು ಕಪ್ಪಾಗಿಸುತ್ತದೆ, ಕೆಟಲಿನ ತಳದಲ್ಲಿ ಕೆಂಪು ಕಲೆ ಕೂರುತ್ತದೆ. ಇನ್ನೊಂದು, ಏಪ್ರಿಲ್ ಮೇ ತಿಂಗಳಲ್ಲಿ ಹೊಳೆಬಾಯಿಯ ಹತ್ತಿರದ ಬಾವಿಗಳಿಗೆ ಉಪ್ಪುನೀರು ನುಗ್ಗುವುದು. ಉಪ್ಪಿನ ಕ್ಲೋರೈಡ್ ಸ್ಟೀಲಿನಲ್ಲಿ ಸೂಜಿಮೊನೆಯಂಥ ಚುಕ್ಕಿ ತುಕ್ಕು ಕೊರೆಯುತ್ತದೆ. ಅಗ್ಗದ ಸ್ಟೀಲು ಇದಕ್ಕೆ ಬೇಗ ಸೋಲುತ್ತದೆ, 304 ಹೆಚ್ಚು ತಡೆಯುತ್ತದೆ. ಅದಕ್ಕೇ ಆ ಅಂಕಿ ನೋಡಿ ಎಂದದ್ದು. ಏನೇ ಇರಲಿ, ಉಳಿದ ನೀರನ್ನು ರಾತ್ರಿಯಿಡೀ ಕೆಟಲಿನಲ್ಲಿ ಬಿಡದೆ ಚೆಲ್ಲಿ, ಮುಚ್ಚಳ ತೆರೆದು ಒಣಗಲು ಬಿಡಿ.

ಕಲೆ ತೆಗೆಯಲು ಅರ್ಧ ಕೆಟಲ್ ನೀರಿಗೆ ಎರಡು ಲಿಂಬೆಯ ರಸ ಹಿಂಡಿ ಕುದಿಸಿ, ಇಪ್ಪತ್ತು ನಿಮಿಷ ಬಿಟ್ಟು ತೊಳೆದರೆ ಸಾಕು. ಹಿತ್ತಲಿನಲ್ಲಿ ಬಿಂಬುಳಿ ಇದ್ದವರು ನಾಲ್ಕು ಕಾಯಿ ಕತ್ತರಿಸಿ ಹಾಕಿದರೂ ಆದೀತು. ಉಕ್ಕಿನ ನಾರು ಹಾಕಿ ಉಜ್ಜಬೇಡಿ, ಗೀರು ಬಿದ್ದಲ್ಲೇ ತುಕ್ಕು ಶುರುವಾಗುತ್ತದೆ.

ಅಂಗಡಿಯಲ್ಲಿ

ಆನ್‌ಲೈನಿನಲ್ಲಿ ನೂರಿನ್ನೂರು ಕಡಿಮೆ ಇದ್ದರೂ ಕೆಟಲನ್ನು ನಾನು ಅಂಗಡಿಗೆ ಹೋಗಿಯೇ ಕೊಳ್ಳುವುದು. ಮುಚ್ಚಳ ತೆರೆದು ಒಳಗೆ ಕೈ ಹಾಕಿ ನೋಡಿ. ಕೈ ತಳ ಮುಟ್ಟದಿದ್ದರೆ ತೊಳೆಯಲು ಬರುವುದಿಲ್ಲ, ಅದನ್ನು ಬಿಡಿ. ಮುಚ್ಚಳ ಪೂರ್ತಿ ತೆರೆಯಬೇಕು, ಅರ್ಧ ತೆರೆಯುವುದರಲ್ಲಿ ನೀರು ತುಂಬಿಸುವಾಗ ಸುತ್ತಲೂ ಚೆಲ್ಲುತ್ತದೆ. ಕನಿಷ್ಠ ನೀರಿನ ಗೆರೆ ಎಲ್ಲಿದೆ ನೋಡಿ. ಒಂದೂವರೆ ಲೀಟರಿನ ಹೆಚ್ಚಿನವುಗಳಲ್ಲಿ ಅದು ಅರ್ಧ ಲೀಟರ್, ಒಬ್ಬರೇ ಒಂದು ಲೋಟ ಕುಡಿಯುವವರಿಗೆ ಪ್ರತಿ ಸಲ ಮೂರು ಲೋಟದ ನೀರು ಕುದಿಸಿದಂತಾಗುತ್ತದೆ. ಅಂಥವರು ಸಣ್ಣದನ್ನೇ ಆರಿಸಬೇಕು. ಐದಾರು ಜನರ ಮನೆ, "ಚಾ ಆಂಡಾ?" (ಚಾ ಆಯಿತೇ?) ಎಂದು ಕೇಳಿಕೊಂಡು ಬರುವ ನೆರೆಕರೆಯವರು ಇದ್ದರೆ 1.8 ಲೀಟರಿನವರೆಗೆ ಹೋಗಿ.

ತಳದಲ್ಲಿ ಐಎಸ್‌ಐ ಗುರುತು ಇರಬೇಕು. ಕೆಟಲುಗಳ ಮಾನದಂಡದ ಸಂಖ್ಯೆ ಐಎಸ್ 367. ಬುಡದ ಮೇಲೆ ಕೆಟಲನ್ನು ಯಾವ ದಿಕ್ಕಿನಿಂದ ಇಟ್ಟರೂ ಕೂರುತ್ತದೆಯೇ, ತಿರುಗುತ್ತದೆಯೇ ನೋಡಿ. ನೀರು ತುಂಬಿಸಿ ಲೋಟಕ್ಕೆ ಹೊಯ್ದು ತೋರಿಸಲು ಕೇಳಿ, ಮೂತಿಯಿಂದ ಗಲ್ಲಕ್ಕೆ ಹನಿ ಇಳಿಯುವ ಕೆಟಲ್ ದಿನಾ ಕಿರಿಕಿರಿ. ಹಾಕಿ ಕುದಿಸಿಯೂ ನೋಡಿ, ಒಳ್ಳೆಯ ಅಂಗಡಿಯವರು ಬೇಸರಿಸುವುದಿಲ್ಲ. ಕುದಿ ಬಂದ ಮೇಲೆ ಅರ್ಧ ನಿಮಿಷದೊಳಗೆ 'ಟಕ್' ಎಂದು ನಿಂತರೆ ಸರಿ. ತುಂಬಾ ಹೊತ್ತು ಕುದಿಯುತ್ತಲೇ ಇದ್ದರೆ ಅದೇ ಮಾದರಿಯ ಇನ್ನೊಂದನ್ನು ತೆಗೆಸಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು ಹಾಕಿಸಿಕೊಂಡು, ಸರ್ವಿಸ್ ಮಂಗಳೂರಿನಲ್ಲೇ ಸಿಗುತ್ತದೆಯೇ ಅಥವಾ ಬೆಂಗಳೂರಿಗೆ ಕಳಿಸಬೇಕೇ ಎಂದು ಅಲ್ಲೇ ಕೇಳಿ. ಮನೆಗೆ ತಂದ ಮೇಲೆ ಎರಡು ಮೂರು ಸಲ ಬರೀ ನೀರು ಕುದಿಸಿ ಚೆಲ್ಲಿ, ಹೊಸ ವಾಸನೆ ಹೋದ ಮೇಲೆ ಚಾ ಮಾಡಿ.